ಪಟಾಲಮ್ಮ ಮಂಕರಿ ಎತ್ತದೆ ಕೂತ ದಿನ

ಪಟಾಲಮ್ಮ ನಮ್ಮ ಹೊಲಗೇರಿಯ ಸೂಲಗಿತ್ತಿ. ಹೇರೋಹಳ್ಳಿಯ ಆಚೆ ಹೊಲ ದಾಟಿದರೆ ಸಿಗುವ ನಮ್ಮೂರಿನಲ್ಲಿ ಯಾರ ಮನೆಯ ಹೆರಿಗೆಗೂ ಅವಳೇ ಹೋಗಬೇಕಿತ್ತು. ಹಿತ್ತಿಲ ಕೋಣೆಯಲ್ಲಿ ಅವಳು ಗೌಡರ ಸೊಸೆಯ ಬೆನ್ನು ನೀವಬಹುದು, ಹುಟ್ಟಿದ ಮಗುವನ್ನು ಎದೆಗೆ ಒತ್ತಿಕೊಳ್ಳಬಹುದು. ಆ ಹೊತ್ತಿನಲ್ಲಿ ಯಾರೂ ಜಾತಿ ಎತ್ತುತ್ತಿರಲಿಲ್ಲ. ಮಗುವಿನ ಹಿಂದೆ ಬೀಳುವ ಮಾಸನ್ನೂ ರಕ್ತದ ಬಟ್ಟೆಯನ್ನೂ ಮಂಕರಿಯಲ್ಲಿ ಹೊತ್ತು ಅವಳು ಹೊರಟ ಮೇಲೆ, ನಿಂತಿದ್ದ ನೆಲಕ್ಕೆ ಗಂಜಲ ಚಿಮುಕಿಸುತ್ತಿದ್ದರು. ಆಮೇಲೆ ಆ ಮಗುವನ್ನು ಅವಳು ಮುಟ್ಟುವಂತಿರಲಿಲ್ಲ.

ಅವಳ ಮಗಳು ಮುನಿಲಕ್ಷ್ಮಿ ಶಾಲೆಗೆ ಹೋಗುತ್ತಿದ್ದಳು. ಒಳಗಲ್ಲ, ಜಗಲಿಯ ಮೇಲೆ. ಅಸ್ಪೃಶ್ಯತೆ ಅಪರಾಧವೆಂದು ಕಾನೂನು ಬಂದ ವರ್ಷವೂ ಅವಳು ಜಗಲಿಯ ಮೇಲೆಯೇ ಇದ್ದಳು. ಮಳೆಯ ಎರಚಲಿಗೆ ಸ್ಲೇಟಿನ ಅಕ್ಷರ ಅಳಿಸಿಹೋಗುತ್ತಿತ್ತು. ಒಳಗೆ ಕೂರಿಸಿ ಎಂದು ಪಟಾಲಮ್ಮ ಮೇಷ್ಟ್ರನ್ನು ಕೇಳಿದರೆ, "ಪಟೇಲರು ಹೂಂ ಅಂದ್ರೆ ನಂದೇನಮ್ಮ ಅಡ್ಡಿ?" ಎಂದರು. ಪಟೇಲ ಗಂಗಾಧರಯ್ಯ "ನೋಡಾಣ ಹೋಗು" ಎಂದರು.

ಪಟೇಲರ ಸೊಸೆಗೆ ದಿನ ತುಂಬಿತ್ತು. ನೋವು ಬರುವ ಮೊದಲೇ ಪಟಾಲಮ್ಮ ಹೋಗಿ ಪಟೇಲರ ತಾಯಿ ಅಕ್ಕಯ್ಯಮ್ಮನಿಗೆ ಹೇಳಿದಳು: "ಅವ್ವೋರೆ, ಕರೆದಾಗ ಬತ್ತೀನಿ. ತಾಯಿ ಮಗು ಇಬ್ರಿಗೂ ನನ್ನ ಕೈಲಾದ್ದೆಲ್ಲ ಮಾಡ್ತೀನಿ. ನನ್ನ ಮಗಳು ಇಸ್ಕೂಲ್ ಒಳಗೆ ಕೂರೋಗಂಟ ಮಂಕರಿ ಮಾತ್ರ ಎತ್ತಾಕಿಲ್ಲ."

"ನಿನ್ನ ಮಗಳು ಓದಿ ಅಮಲ್ದಾರಳಾಗಬೇಕೇನೇ?" ಅಕ್ಕಯ್ಯಮ್ಮ ನಕ್ಕಳು.

"ಆದ್ರೆ ಮೊದ್ಲು ನಿಮ್ಮನೆ ಕಂದಾಯ ಕೇಳೋಕೇ ಬತ್ತಾಳೆ ಬುಡಿ."

ಮೂರನೆಯ ದಿನ ಬೆಳಿಗ್ಗೆ ಕರೆ ಬಂತು. ಮಗು ಕಾಲು ಮುಂದಾಗಿ ಬಂದಿತ್ತು. ಪಟಾಲಮ್ಮ ಬೆವರು ಒರೆಸಿಕೊಳ್ಳದೆ ದುಡಿದಳು. ಮಗು ಅತ್ತಿತು. ಹೊಕ್ಕುಳು ಕೊಯ್ದು, ಬಾಣಂತಿಗೆ ಬೆಚ್ಚಗೆ ಹೊದಿಸಿ, ಕೈ ತೊಳೆದು ಬಂದು ಅಂಗಳದಲ್ಲಿ ಕೂತಳು. ಮಂಕರಿ ಕೋಣೆಯಲ್ಲೇ ಉಳಿಯಿತು.

ಮಾಸನ್ನು ಮನೆಯವರು ಮುಟ್ಟುವಂತಿರಲಿಲ್ಲ; ಅದನ್ನು ಹೂಳುವತನಕ ಆ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಬಾಣಂತಿಗೆ ಮಾತ್ರ ಪಕ್ಕದ ಮನೆಯಿಂದ ಗಂಜಿ ಬಂತು. ಪಟೇಲರು ಹೆಗ್ಗನಹಳ್ಳಿಯ ಸೂಲಗಿತ್ತಿಗೆ ಹೇಳಿ ಕಳಿಸಿದರು. ಆಕೆ ಬಂದು, ವಿಷಯ ಕೇಳಿ, ಪಟಾಲಮ್ಮನ ಪಕ್ಕದಲ್ಲೇ ಕೂತು ಎಲೆಅಡಿಕೆ ಸಂಚಿ ಬಿಚ್ಚಿದಳು. "ಅವಳು ಎತ್ತದ್ದನ್ನ ನಾನೂ ಎತ್ತಾಕಿಲ್ಲ ಬುದ್ಧಿ."

"ನಿಮ್ಮ ಕೇರಿಯೋರಿಗೆ ಕೂಲಿನೇ ಇಲ್ಲ ಅನ್ನಿಸಿಬಿಡ್ತೀನಿ!" ಪಟೇಲರು ಗುಡುಗಿದರು.

"ಅನ್ನಿಸಿ ಬುದ್ಧಿ. ಬೆಂಗಳೂರಲ್ಲಿ ಗಾರೆ ಕೆಲಸ ಐತೆ," ಎಂದಳು ಪಟಾಲಮ್ಮ. ಕೂತಲ್ಲಿಂದ ಏಳಲಿಲ್ಲ.

ಊಟದ ಹೊತ್ತು ಮೀರಿತು. ಒಳಗಿನಿಂದ ಅಕ್ಕಯ್ಯಮ್ಮ ಕೂಗಿದಳು: "ಲೋ ಗಂಗಾಧರ, ಹಸಿದು ಕಣ್ಣಿಗೆ ಕತ್ತಲೆ ಕಟ್ತಾ ಐತೆ. ಆ ಹುಡುಗಿ ಇಸ್ಕೂಲ್ ಒಳಗೆ ಕೂತ್ರೆ ನಿನ್ನ ಗಂಟೇನು ಹೋಗ್ತದೋ?"

ಪಟೇಲರು ಮೇಷ್ಟ್ರಿಗೆ ಹೇಳಿ ಕಳಿಸಿದರು. ಪಟಾಲಮ್ಮ ತಾನೇ ಶಾಲೆಗೆ ಹೋಗಿ, ಮಗಳು ಹೊಸ್ತಿಲು ದಾಟಿ ಕೂತದ್ದನ್ನು ಕಣ್ಣಾರೆ ನೋಡಿ ಬಂದಳು. ಮಾತಿನಂತೆ ಮಂಕರಿ ಎತ್ತಿದಳು. ಅವಳ ಹಿಂದೆ ಗಂಜಲ ಚಿಮುಕಿಸಿದರು.

ಸಂಜೆ ಮುನಿಲಕ್ಷ್ಮಿ ಬಂದು ಹೇಳಿದಳು: "ಒಳಗೇ ಕೂತಿದ್ದೆ ಕಣವ್ವ. ಆದ್ರೆ ಮೂಲೇಲಿ, ಒಬ್ಬಳೇ, ಬೇರೆ ಗೋಣಿಚೀಲದ ಮೇಲೆ."

ಪಟಾಲಮ್ಮ ಮುದ್ದೆ ತೊಳಸುತ್ತಿದ್ದವಳು ಕೋಲು ನಿಲ್ಲಿಸಿದಳು.

"ಇನ್ಯಾರ ಮನೇಲಿ ಬಸುರಿ ಅವ್ರೆ ಹೇಳು," ಎಂದಳು.