ಮೈದುನನ ಲಾರಿಗೆ ಇನ್ವರ್ಟರ್ ಕೂರಿಸಿದ್ದು

ನನ್ನ ಮೈದುನನ ಲಾರಿ ಬಂಗಾರಪೇಟೆಯಿಂದ ಟೊಮೇಟೊ ಹೇರಿಕೊಂಡು ಹೊರಟರೆ ಹಿಂತಿರುಗುವುದು ಐದಾರು ದಿನಕ್ಕೆ. ಅಷ್ಟು ದಿನವೂ ಅವನಿಗೆ ಹೋಟೆಲ್ ಊಟ. ಅವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನವೇ ನನ್ನ ಓರಗಿತ್ತಿ ತೀರ್ಮಾನ ಮಾಡಿಬಿಟ್ಟಳು: ತಾನೂ ಲಾರಿಯಲ್ಲಿ ಹೋಗುವುದು, ಸಣ್ಣ ಕರೆಂಟ್ ಕುಕ್ಕರ್‌ನಲ್ಲಿ ನವಣೆ ಅನ್ನ, ಸೊಪ್ಪಿನ ಸಾರು ಮಾಡಿ ಬಡಿಸುವುದು. ಮಕ್ಕಳ ಮದುವೆ ಮುಗಿದಿತ್ತು, ಹಸುಗಳನ್ನೂ ಮಾರಿಯಾಗಿತ್ತು. ತಿರುಪತಿಯಿಂದಾಚೆ ಅವಳು ಏನನ್ನೂ ಕಂಡಿರಲಿಲ್ಲ. ಊರೂರು ನೋಡುವ ಆಸೆಯನ್ನು ನನಗೆ ಮಾತ್ರ ಹೇಳಿದ್ದಳು.

ಮೈದುನ ನೇರವಾಗಿ ಬೇಡ ಎನ್ನಲಿಲ್ಲ. ಷರತ್ತು ಹಾಕಿದ. "ಕುಕ್ಕರ್ ಲಾರೀಲಿ ನಡೀಬೇಕು, ಲಾರಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗ್ಬೇಕು. ಆಗ ಕರ್ಕೊಂಡ್ ಓಯ್ತೀನಿ." ಇನ್ವರ್ಟರನ್ನು ತಾನೇ ತಂದ, ತಾನೇ ಜೋಡಿಸಿದ. ಕುಕ್ಕರ್ ಹಾಕಿದ ಐದು ನಿಮಿಷಕ್ಕೆ ಕ್ಯಾಬಿನ್ನಿನಲ್ಲಿ ರಬ್ಬರ್ ಸುಟ್ಟ ವಾಸನೆ ಎದ್ದಿತು.

ಕೆ.ಜಿ.ಎಫ್.ನ ಕಾರ್ಖಾನೆಯೊಂದರಲ್ಲಿ ದೊಡ್ಡ ಯಂತ್ರಗಳಿಗೆ ವೈರಿಂಗ್ ಮಾಡುತ್ತ ಮೂವತ್ತೊಂದು ವರ್ಷ ಕಳೆದವಳು ನಾನು. ಇನ್ವರ್ಟರ್ ಸೋತದ್ದಕ್ಕೆ ಸಾಕ್ಷಿ ಹೇಳಲಿ ಎಂದೇ ಅವನು ನನ್ನನ್ನು ಕರೆಸಿದ್ದು. ಬೆಳಗಿನ ರೈಲು ಹಿಡಿದು ಬಂಗಾರಪೇಟೆಯಲ್ಲಿ ಇಳಿದು ಹೋದೆ. ಅವನು ಬೀಡಿ ಹಚ್ಚಿಕೊಂಡು ಖುಷಿಯಾಗಿ ನಿಂತಿದ್ದ.

"ನೋಡಿ ಅತ್ಗೆ, ಲಾರೀಗೆ ಇವೆಲ್ಲ ಒಗ್ಗಾಕಿಲ್ಲ ಅಂತ ನಾನ್ ಅವತ್ತೇ ಏಳ್ದೆ."

"ಮೊದಲು ಬೀಡಿ ಎಸಿ. ಬ್ಯಾಟರಿ ಮುಚ್ಚಳ ತೆಗಿ."

ಲಾರಿಯಲ್ಲಿ ಹನ್ನೆರಡು ವೋಲ್ಟಿನ ಎರಡು ಬ್ಯಾಟರಿಗಳು ಸೇರಿ ಇಪ್ಪತ್ನಾಲ್ಕು ಕೊಡುತ್ತವೆ. ಅವನು ಕಾರಿಗೆ ಹಾಕುವ ಹನ್ನೆರಡರ ಇನ್ವರ್ಟರ್ ತಂದು ಒಂದೇ ಬ್ಯಾಟರಿಗೆ ಕಟ್ಟಿದ್ದ. ವೈರೋ, ಮನೆಯ ಕರೆಗಂಟೆಗೆ ಎಳೆಯುವಂಥದ್ದು. ಫ್ಯೂಸ್ ಎಂಬುದೇ ಇಲ್ಲ.

"ಜೋಡೆತ್ತಿನಲ್ಲಿ ಒಂದನ್ನೇ ಗೇಯಿಸಿದರೆ ಏನಾಗುತ್ತಪ್ಪಾ?"

"ಅದು ಮಲಿಕ್ಕೊಂತದೆ."

"ಇಲ್ಲೂ ಅಷ್ಟೇ. ಒಂದು ಬ್ಯಾಟರಿ ಸೊರಗಿದರೆ ಇನ್ನೊಂದನ್ನೂ ಕೆಡಿಸುತ್ತದೆ. ಇಪ್ಪತ್ತು ವರ್ಷ ಲಾರಿ ಓಡಿಸಿದವನಿಗೆ ಇದು ಗೊತ್ತಿಲ್ಲವಾ?"

ಅವನು ಟಯರ್ ನೋಡತೊಡಗಿದ. ಗೊತ್ತಿದ್ದೇ ಮಾಡಿದ್ದಾನೆ ಎಂಬ ಅನುಮಾನ ನನಗೆ ಆಗಲೇ ಬಂತು.

ಮರುದಿನ ಓರಗಿತ್ತಿಯನ್ನು ಕರೆದುಕೊಂಡು ರಾಬರ್ಟ್‌ಸನ್‌ಪೇಟೆಗೆ ಹೋದೆ. ಇಪ್ಪತ್ನಾಲ್ಕು ವೋಲ್ಟಿನ ಇನ್ವರ್ಟರ್, ಹೆಬ್ಬೆರಳ ಗಾತ್ರದ ತಾಮ್ರದ ಕೇಬಲ್, ಅದಕ್ಕೆ ತಕ್ಕ ಫ್ಯೂಸ್ ತಂದೆವು. ಸೋಲಾರ್ ಅಂಗಡಿಯಿಂದ ಇನ್ನೊಂದು ಪುಟ್ಟ ಡಬ್ಬಿಯನ್ನೂ ತಂದೆ. ಬ್ಯಾಟರಿಯ ವೋಲ್ಟ್ ನಾವು ಹೇಳಿದ ಮಟ್ಟಕ್ಕಿಂತ ಇಳಿದರೆ ಅದು ಇನ್ವರ್ಟರಿಗೆ ಹೋಗುವ ಕರೆಂಟನ್ನು ಕಡಿದುಹಾಕುತ್ತದೆ. ಇನ್ವರ್ಟರಿಗೂ ಅಷ್ಟು ಬುದ್ಧಿ ಇರುತ್ತದೆ. ಆದರೆ ಅದು ಎಚ್ಚೆತ್ತುಕೊಳ್ಳುವ ಹೊತ್ತಿಗೆ ಲಾರಿ ಸ್ಟಾರ್ಟ್ ಮಾಡುವಷ್ಟು ಶಕ್ತಿ ಬ್ಯಾಟರಿಯಲ್ಲಿ ಉಳಿದಿರುವುದಿಲ್ಲ. ಈ ಡಬ್ಬಿಯ ಸುದ್ದಿಯನ್ನು ಮೈದುನನಿಗೆ ನಾವಿಬ್ಬರೂ ಹೇಳಲಿಲ್ಲ.

ಬ್ಯಾಟರಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ ಫ್ಯೂಸ್ ಕೂರಿಸಿದೆ, ಅದರ ಹಿಂದೆ ಕಣ್ಣಿಗೆ ಬೀಳದಂತೆ ಆ ಪುಟ್ಟ ಡಬ್ಬಿಯನ್ನೂ. ಕೇಬಲ್ ಕಬ್ಬಿಣಕ್ಕೆ ಉಜ್ಜುವ ಕಡೆಯೆಲ್ಲ ರಬ್ಬರ್ ತೊಡಿಸಿದೆ. ಇನ್ವರ್ಟರಿಗೆ ಗಾಳಿ ಬೇಕು, ನೀರು ತಾಗಬಾರದು, ಮೇಲೆ ಹಾಸಿಗೆ ಬೀಳಬಾರದು. ಅದಕ್ಕೆ ಸರಿಯಾದ ಜಾಗ ಡ್ರೈವರ್ ಸೀಟಿನ ಹಿಂದಿನ ಮೂಲೆ.

"ಅತ್ಗೆ, ಅಲ್ಬೇಡ! ಅಲ್ಲಿ ಜಾಕಿ ಇಕ್ತೀನಿ."

ಕೈ ಹಾಕಿದೆ. ಸಿಕ್ಕಿದ್ದು ಒಂದು ಸ್ಟೀಲ್ ಡಬ್ಬ. ಮುಚ್ಚಳ ತೆಗೆಯುವ ಮೊದಲೇ ತುಪ್ಪ ಘಮ್ಮೆಂದಿತು. ಒಳಗೆ ಮೈಸೂರ್ ಪಾಕ್, ಎರಡು ಸಾಲು. ಅವನು ಹೆಂಡತಿಯನ್ನು ಲಾರಿಗೆ ಹತ್ತಿಸಲು ಹೆದರುತ್ತಿದ್ದುದೇಕೆಂದು ಈಗ ತಿಳಿಯಿತು. ಓರಗಿತ್ತಿ ಕೆಳಗೆ ಕೇಬಲ್ ಅಳೆಯುತ್ತಿದ್ದಳು. ಡಬ್ಬವನ್ನು ಅವನ ಕೈಗೆ ಕೊಟ್ಟು, "ಜಾಕಿ ಚೆನ್ನಾಗಿದೆ, ಬೇರೆ ಕಡೆ ಇಡು" ಎಂದೆ. ಅವನು ಅದನ್ನು ಟವಲಿನಲ್ಲಿ ಸುತ್ತಿಕೊಂಡು ಹಿತ್ತಲಿಗೆ ನಡೆದ.

ಎಂಜಿನ್ ಚಾಲೂ ಇಟ್ಟು ಕುಕ್ಕರ್ ಹಾಕಿದೆವು. ಅನ್ನ ಬೆಂದಿತು. ಮಿಕ್ಸಿಯಲ್ಲಿ ಚಟ್ನಿಯೂ ಆಯಿತು. ಎರಡನ್ನೂ ಒಟ್ಟಿಗೆ ಹಾಕಬಾರದು, ಎಂಜಿನ್ ನಿಂತಾಗ ಕುಕ್ಕರ್ ಮುಟ್ಟಬಾರದು ಎಂದು ಓರಗಿತ್ತಿಯಿಂದ ಮೂರು ಸಲ ಹೇಳಿಸಿದೆ. ಕೇಬಲಿಗೆ ಅಂಗೈ ಹಿಂಬದಿ ತಾಗಿಸಿ ಬಿಸಿ ನೋಡುವುದನ್ನೂ ಕಲಿಸಿದೆ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಲೋಡಿಗೆ ಹೊರಡಬೇಕಿತ್ತು. ಅವತ್ತು ಬೆಳಿಗ್ಗೆ ಆರಕ್ಕೇ ಮೈದುನ ಮನೆಯ ಟಿ.ವಿ.ಯನ್ನು ಡಿಶ್ ವೈರಿನ ಸಮೇತ ಲಾರಿಗೆ ಹೊತ್ತುಕೊಂಡು ಹೋದ. ಜತೆಗೆ ಟೇಬಲ್ ಫ್ಯಾನು. ಎಂಜಿನ್ ಹಚ್ಚದೆ ಎರಡನ್ನೂ ಓಡಿಸುತ್ತ ಕಾಲು ಚಾಚಿ ಮಲಗಿದ. ಕ್ರಿಕೆಟ್ ಅಂತೆ. ಇಣುಕಿದರೆ ಅದು ಅಡುಗೆ ಕಾರ್ಯಕ್ರಮ.

"ಒಳ್ಗೆ ಬಂದು ನೋಡಯ್ಯ, ಮನೇಲೇ ಕರೆಂಟೈತೆ" ಎಂದು ಓರಗಿತ್ತಿ ಕೂಗಿದಳು.

"ಲಾರೀಲಿ ನೋಡೋ ಮಜಾನೇ ಬೇರೆ ಕಣೇ."

ಹನ್ನೊಂದರ ಸುಮಾರಿಗೆ ಟಿ.ವಿ. ಸುಮ್ಮನಾಯಿತು, ಫ್ಯಾನ್ ನಿಂತಿತು. ಅವನು ಬಾಡಿದ ಮುಖ ಹೊತ್ತು ಒಳಗೆ ಬಂದ. ಮುಖವೇನೋ ಬಾಡಿತ್ತು, ಕಾಲು ಮಾತ್ರ ಕುಣಿಯುತ್ತಿತ್ತು. "ಓಯ್ತು ಅತ್ಗೆ, ಬ್ಯಾಟರಿ ಸತ್ತೋಯ್ತು. ಇನ್ ನೂಕಿಸ್ಬೇಕಷ್ಟೇ. ಪಾಪ, ಇವ್ಳು ಗಂಟು ಬೇರೆ ಕಟ್ಟಿಕ್ಕೊಂಡವ್ಳೆ."

ಓರಗಿತ್ತಿಯ ಕಣ್ಣು ತುಂಬಿತು. ಕರೆಂಟ್ ಕಡಿಯುವ ಆ ಪುಟ್ಟ ಡಬ್ಬಿಯ ಮೇಲೆ ಅವಳಿಗೆ ನನ್ನಷ್ಟು ನಂಬಿಕೆ ಇರಲಿಲ್ಲ. ನಿಜ ಹೇಳಬೇಕೆಂದರೆ, ಆ ಬ್ಯಾಟರಿಗಳ ವಯಸ್ಸು ನೆನೆದು ನನಗೂ ಸ್ವಲ್ಪ ಅಳುಕಾಯಿತು.

"ಕೀ ತಿರುಗಿಸು" ಎಂದೆ.

"ಸುಮ್ನೆ ಯಾಕತ್ಗೆ..."

"ತಿರುಗಿಸಪ್ಪಾ."

ನೂಕಲು ಕರೆತಂದಿದ್ದ ಇಬ್ಬರು ನೆರೆಯವರು ಆಗಲೇ ಲಾರಿಯ ಹಿಂದೆ ಕೈ ಊರಿ ನಿಂತಿದ್ದರು. ಅವನು ಹತ್ತಿ ಕೀ ತಿರುಗಿಸಿದ. ಒಂದೇ ಸೆಲ್ಫ್‌ಗೆ ಎಂಜಿನ್ ಗರ್ಜಿಸಿತು. ಹಿಂದಿದ್ದವರ ಮುಖಕ್ಕೆ ಹೊಗೆ ಬಡಿದು ಅವರು ಬೈಯುತ್ತ ಓಡಿದರು.

ಅವನು ಕೆಳಗಿಳಿದು ಬ್ಯಾಟರಿ ನೋಡಿದ, ನನ್ನನ್ನು ನೋಡಿದ. ಆಮೇಲೆ ಹೆಂಡತಿಗೆ, "ನಿಂತ್ಕೊಂಡೇ ಇದ್ಯಲ್ಲ, ಗಂಟು ತಂದು ಲಾರೀಲಿ ಇಕ್ಕು" ಎಂದ.

ಮೂರಕ್ಕೆ ಓರಗಿತ್ತಿ ಸೀರೆ ಬಿಗಿದು ಸೀಟಿನಲ್ಲಿ ಕೂತಳು. ಅವನು ಗೇರ್ ಹಾಕಲು ಹೋದ. ಅವಳು ಕೈ ಹಿಡಿದಳು.

"ತಡಿ. ಇನ್ವರ್ಟರ್ ಸ್ವಿಚ್ ಆಫೈತಾ? ಕುಕ್ಕರ್ ಪ್ಲಗ್ ಕಿತ್ತಿದ್ಯಾ? ಕೇಬಲ್ ಮುಟ್ಟಿ ನೋಡಿದ್ಯಾ? ಕೆಳಗಿಳ್ದು ನೋಡ್ಕೊಂಡ್ ಬಾ."

ಅವನು ಇಳಿದ, ಎಲ್ಲವನ್ನೂ ನೋಡಿದ. ಹತ್ತುವ ಮೊದಲು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ಅತ್ಗೆ, ಫ್ಯಾಕ್ಟ್ರೀಲಿ ನಿಮ್ ಕೈಕೆಳಗೆ ಇದ್ದೋರು ಎಂಗ್ ಬದುಕಿದ್ರು?"

"ಅವರಿಗೆ ಎಂಟು ಗಂಟೆ ದುಡಿದ ಮೇಲೆ ಶಿಫ್ಟ್ ಮುಗಿಯುತ್ತಿತ್ತು" ಎಂದೆ.