ರಣಕೋಣದ ಹೊಟ್ಟೆಯ ಹುಕ್ಕು

ಆ ಹೆಲಿಕಾಪ್ಟರಿನ ನಕ್ಷೆ ನನ್ನದಲ್ಲ. ಆರು ವರ್ಷ ನನ್ನದೇ ಅಂತ ಹೇಳಿಕೊಂಡು ತಿರುಗಿದೆ — ಶಾಲು ಹೊದಿಸಿಕೊಂಡೆ, ಫೋಟೊ ತೆಗೆಸಿಕೊಂಡೆ. ನಕ್ಷೆ ನನ್ನ ಹೆಂಡತಿ ಕಸ್ತೂರಿಯದು.

ನಾನು ಅಂಕಲಿಯ ವೆಲ್ಡರ್ ಮಲ್ಲಪ್ಪ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಆದರೆ ನಾನು ಮಾಡಿದ ಕಬ್ಬಿನ ಟ್ರಾಲಿಗಳು ಅಥಣಿ, ರಾಯಬಾಗದ ರಸ್ತೆಗಳಲ್ಲಿ ಇಂದಿಗೂ ಓಡುತ್ತಿವೆ. ಒಂದರ ಬೆಸುಗೆಯೂ ಬಿಟ್ಟಿಲ್ಲ. ಈ ಸೊಕ್ಕು ಮೊದಲಿನಿಂದಲೂ ಇದೆ. ಹಾಗಾಗಿ ಗಣಪತಿ ಮಂಡಳದವರು ಬಂದು, "ಮಲ್ಲಪ್ಪಣ್ಣ, ಮಂಟಪದ ಮುಂದ ಒಂದ ಮಿಲಿಟರಿ ಹೆಲಿಕಾಪ್ಟರ್ ಆಗಬೇಕು ನೋಡ್ರಿ" ಅಂದಾಗ ಒಪ್ಪಿಬಿಟ್ಟೆ. "ಹಾರೂದಿಲ್ಲ ಮತ್ತ" ಎಂದೆ — ಅಷ್ಟು ಪ್ರಾಮಾಣಿಕತೆ ಇತ್ತು.

ಮೂರು ದಿನ ಪೈಪು ಬಗ್ಗಿಸಿದೆ. ಏನು ಮಾಡಿದರೂ ಕಬ್ಬಿನ ಟ್ರಾಲಿಯೇ ಆಗುತ್ತಿತ್ತು, ಮೇಲೊಂದು ಫ್ಯಾನು. ಕೊನೆಗೆ ಕಸ್ತೂರಿ ರಂಗೋಲಿ ಹುಡಿ ತಂದು ಅಂಗಳದ ತುಂಬ ಬಿಡಿಸಿದಳು. ಕೃಷ್ಣೆಗೆ ಮಹಾಪೂರ ಬಂದ ವರ್ಷ ಅವಳು ಸತ್ತಿ ಊರಿನ ತವರಿನಲ್ಲಿದ್ದಳು. ಮಾಳಿಗೆ ಮೇಲಿಂದ ಅಂಥದ್ದೇ ಒಂದು ಮಿಲಿಟರಿ ಹೆಲಿಕಾಪ್ಟರ್ ಹತ್ತಿ ಪಾರಾದವಳು. ಅದರ ಕುಂದುಕೊರತೆಯೆಲ್ಲ ನೆನಪಿತ್ತು, ಇದರಲ್ಲಿ ಒಂದೊಂದೇ ಸರಿಪಡಿಸಿದಳು. ಬಾಗಿಲು ಎರಡೂ ಕಡೆ, ಸರಿಸುವಂಥದ್ದು. ಹತ್ತುವ ಪಾವಟಿಗೆ ನೆಲಕ್ಕೆ ಹತ್ತಿರ — ಸೀರೆಯುಟ್ಟ ಮುದುಕಿ ಹತ್ತುವಷ್ಟು. ಕೆಸರಿನಲ್ಲಿ ಹೂಳದ ದಪ್ಪ ಗಾಲಿ. ಮಡಚುವ ಬೆಂಚು, ಬೇಕಾದರೆ ಮಂದಿ, ಬೇಕಾದರೆ ಚೀಲ. ಹೊಟ್ಟೆಯ ಕೆಳಗೊಂದು ಹುಕ್ಕು, ಕಬ್ಬಿಣದ ಕೊಕ್ಕೆ. ಅದು ಯಾತಕ್ಕೆಂದು ನಾನು ಕೇಳಲಿಲ್ಲ — ಕೇಳಿದರೆ ನನಗೆ ಗೊತ್ತಿಲ್ಲ ಎಂದಾಗುತ್ತಿತ್ತಲ್ಲ. "ರಣಕೋಣ" ಎಂದು ಹೆಸರಿಟ್ಟೆ. ಅದೊಂದೇ ನನ್ನದು.

ಚೆಂದದ ಮಂಟಪಕ್ಕೆ ಬಹುಮಾನ ಕೊಡಲು ಐಗಳಿಯ ನಿವೃತ್ತ ಸುಬೇದಾರರು ಬಂದರು. ಪಾವಟಿಗೆ ಹತ್ತಿ ಇಳಿದರು. "ಯಾರ ತಲಿ ಇದು?"

"ನಂದ್ರಿ ಸಾಹೇಬ್ರ."

ಕಸ್ತೂರಿ ಚಹಾದ ತಾಟು ಹಿಡಿದು ಅಲ್ಲೇ ನಿಂತಿದ್ದಳು.

"ಮತ್ತ ಈ ಹುಕ್ಕು?" ಸುಬೇದಾರರು ಬಗ್ಗಿ ನೋಡಿದರು.

"ಬಾಂಬ್ ತೂಗ ಹಾಕಾಕ್ರಿ."

ಸುಬೇದಾರರಿಗೆ ಚಹಾ ನೆತ್ತಿಗೇರಿತು. "ಬಾಂಬ್ ಅಂದ್ರ ಬಾಳಿಗೊನಿ ಅಂತ ತಿಳಿದಿಯೇನಪಾ?" ಇಡೀ ಮಂಟಪ ನಕ್ಕಿತು. ಬಹುಮಾನವೇನೋ ಬಂತು. ಮರುದಿನ ಮುಂಜಾನೆ ಗ್ಯಾಸ್ ಕಟರ್ ಹಚ್ಚಿ ಹುಕ್ಕು ಕತ್ತರಿಸಿ ಗುಜರಿಗೆ ಎಸೆದೆ.

ಕಸ್ತೂರಿ ನೋಡಿದಳು. "ಅದು ಎಮ್ಮಿಗಿತ್ರಿ. ಆವತ್ತ ನಮ್ಮ ಎಮ್ಮಿ ಹಗ್ಗ ಬಿಚ್ಚಿ ನೀರಾಗ ಬಿಟ್ಟ ಬಂದ್ವಿ. ಮ್ಯಾಲಿಂದ ನೋಡಕೋತ ಹೋದ್ನಿ."

ಆಗಲಾದರೂ ಸುಮ್ಮನಿರಬೇಕಿತ್ತು. ನಾನು — ಇದನ್ನೂ ಹೇಳಿಬಿಡುತ್ತೇನೆ — "ಎಮ್ಮಿ ಹಾರಿದ್ರ ಹಾಲು ಮ್ಯಾಲಿಂದನ ಮಜ್ಜಿಗಿ ಆಗಿ ಬರತಿತ್ತು" ಎಂದೆ. ಅವಳು ನಗಲಿಲ್ಲ.

ರಣಕೋಣ ಈಗ ಬಸ್‌ಸ್ಟ್ಯಾಂಡಿನ ಹತ್ತಿರ ನಿಂತಿದೆ. ಮಳೆ ಬಂದರೆ ಮಂದಿ ಒಳಗೆ ಕೂರುತ್ತಾರೆ, ಕೋಳಿಗಳು ತತ್ತಿ ಇಡುತ್ತವೆ. ಮುದುಕಿಯರು ಪಾವಟಿಗೆ ಹತ್ತುತ್ತ, "ಮಲ್ಲಪ್ಪ ಭಾಳ ವಿಚಾರ ಮಾಡ್ಯಾನ ಬಿಡವಾ" ಅನ್ನುತ್ತಾರೆ. ನಾನು ತಲೆ ಆಡಿಸುತ್ತಿದ್ದೆ. ಆರು ವರ್ಷ ಆಡಿಸಿದೆ, ಪಕ್ಕದಲ್ಲಿ ಕಸ್ತೂರಿ ಇದ್ದಾಗಲೂ; ಈ ವರ್ಷ ಆಗಲಿಲ್ಲ.

ಈ ಚೌತಿಗೆ ಅದು ಮತ್ತೆ ಮಂಟಪದ ಮುಂದೆ ಬರುತ್ತದೆ. ಬಾಲದ ಮೇಲಿದ್ದ ನನ್ನ ಹೆಸರು ಕೆರೆದು ತೆಗೆದಿದ್ದೇನೆ. ಅಲ್ಲಿ ಕಸ್ತೂರಿ ಎಂದು ಬರೆಸಿದ್ದೇನೆ. ಕೇಳಿದವರಿಗೆ ಉತ್ತರ ಅವಳು ಹೇಳಲಿ, ಚಹಾ ನಾನು ಕೊಡುತ್ತೇನೆ. ನಿನ್ನೆ ಹೊಸ ಹುಕ್ಕು ಬೆಸೆದೆ. ಅವಳು ಬಗ್ಗಿ, ಎರಡೂ ಕೈಯಿಂದ ಹಿಡಿದು ಜಗ್ಗಿ ನೋಡಿದಳು.

"ಎಮ್ಮಿ ಭಾರ ತಡೀತೈತೇನ್ರಿ ಇದು?"

"ತಡೀತೈತಿ" ಎಂದೆ. ಚಹಾಕ್ಕಿಡಲು ಒಳಗೆ ಹೋದೆ.