ಅಕ್ಕನ ಹಸಿರು ಕಾರು

ಹಳೇ ಕಾರುಗಳು ಅಸಲಿಯೋ ಅಲ್ಲವೋ ನೋಡಿ ಹೇಳುವುದು ನನ್ನ ಕೆಲಸ. ಒಮ್ಮೆ ಚಾಮರಾಜಪುರಂನ ಮನೆಯೊಂದಕ್ಕೆ ಹೋಗಿದ್ದೆ. ಅಲ್ಲಿದ್ದವರು ಅರವತ್ತು ದಾಟಿದ ಅಕ್ಕ, ತಮ್ಮ. ತಂದೆಯ ಕಪ್ಪು ವಿದೇಶಿ ಕಾರನ್ನು ಪ್ರದರ್ಶನಕ್ಕೆ ಕಳಿಸಬೇಕು, ಅದರ ಬಣ್ಣವೂ ಕಂಪನಿಯದ್ದೇ ಎಂದು ನಾನು ಬರೆದುಕೊಡಬೇಕು ಎನ್ನುವುದು ತಮ್ಮನ ಆಸೆ.

"ಅದು ಹಸಿರು ಕಾರು ಕಣ್ರೀ," ಎಂದರು ಅಕ್ಕ. "ಅಪ್ಪ ಅದರಲ್ಲೇ ನನ್ನನ್ನ ಸ್ಕೂಲಿಗೆ ಬಿಡ್ತಿದ್ರು. ಅವರು ಹೋದ್ಮೇಲೆ ಯಾರೋ ಕಪ್ಪು ಹೊಡೆಸ್ಬುಟ್ರು. ಹೇಳಿದ್ರೆ ಒಬ್ಬರೂ ನಂಬಲ್ಲ."

"ಕನಸು ಕಂಡಿರ್ತಾಳೆ ಬಿಡಿ," ಎಂದು ತಮ್ಮ ನಕ್ಕರು. ತಂದೆ ತೀರಿಕೊಂಡಾಗ ಅವರಿನ್ನೂ ತೊಟ್ಟಿಲ ಕೂಸಂತೆ.

ಬಾನೆಟ್ ಎತ್ತಿ, ಕಂಪನಿಯವರು ಬಡಿದಿದ್ದ ತಗಡಿನ ಮೇಲಿನ ಜಿಡ್ಡು ಒರೆಸಿದೆ. ಬಣ್ಣದ ಕೋಡ್ ಸ್ಪಷ್ಟವಾಗಿತ್ತು. ಆದರೂ ಕಂಪನಿಯ ಬಣ್ಣಗಳ ಪಟ್ಟಿ ಜೊತೆ ಇನ್ನೊಮ್ಮೆ ತಾಳೆ ನೋಡಿದೆ.

"ಹಸಿರೇ, ಅಮ್ಮಾ," ಎಂದೆ.

ಅಕ್ಕ ನನ್ನ ಜಿಡ್ಡುಗೈಯನ್ನೇ ಹಿಡಿದು ಕಣ್ಣಿಗೊತ್ತಿಕೊಂಡರು. ತಮ್ಮನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ತಮ್ಮ ಮೆಲ್ಲಗೆ ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು.

"ಬಾ ಅಕ್ಕ, ಕೂತ್ಕೊ. ಅಪ್ಪ ಇನ್ನೇನೇನು ಮಾಡ್ತಿದ್ರು, ಹೇಳು," ಎಂದರು.

ಅಸಲಿಯಲ್ಲ ಎಂದು ಹೇಳಿ ಬೈಗುಳ ಬಹಳ ತಿಂದಿದ್ದೇನೆ. ಕಾಫಿ ಜೊತೆ ಕೋಡುಬಳೆ ತಿಂದದ್ದು ಅವತ್ತೊಂದೇ ದಿನ.